ಟ್ಯಾಂಕಿನ ಮೇಲೆ ಎಳ್ಳುಕಾಳಿನಷ್ಟು ಗಾಯ

ಹೋದ ತಿಂಗಳು ಬೈಕನ್ನು ತೊಳೆದು ಒರೆಸುತ್ತಿದ್ದಾಗ ಟ್ಯಾಂಕಿನ ಎಡಬದಿಯಲ್ಲಿ, ಮೊಣಕಾಲು ತಾಗುವ ಜಾಗದಿಂದ ನಾಲ್ಕು ಬೆರಳು ಮುಂದೆ, ಒಂದು ಚುಕ್ಕೆ ಕಣ್ಣಿಗೆ ಬಿತ್ತು. ಒಣಗಿದ ಕೆಸರಿರಬೇಕೆಂದು ಒದ್ದೆ ಬಟ್ಟೆಯನ್ನು ಒಂದು ನಿಮಿಷ ಅದರ ಮೇಲೆ ಒತ್ತಿ ಹಿಡಿದೆ, ಹೋಗಲಿಲ್ಲ. ಉಗುರಾಡಿಸಿದರೆ ಸಣ್ಣದೊಂದು ಕುಳಿಯ ಅಂಚಿಗೆ ಉಗುರು ಸಿಕ್ಕಿಕೊಂಡಿತು. ಭೂತಗನ್ನಡಿ ಹಿಡಿದು ನೋಡಿದಾಗ ಒಂದರೊಳಗೊಂದು ಬಳೆಗಳಿಟ್ಟಂತೆ ಕಾಣಿಸಿತು: ಹೊರಗೆ ಒಡೆದ ಗಾಜಿನ ಅಂಚಿನಂತೆ ಮಿನುಗುವ ತೆಳುವಾದ ಸುತ್ತು, ಅದರೊಳಗೆ ಕಡುನೀಲಿ, ಅದರೊಳಗೆ ಬೂದು, ನಟ್ಟನಡುವೆ ಸೂಜಿಮೊನೆಯಷ್ಟು ಕಂದು. ಮುಂದೆ ಹೋಗುತ್ತಿದ್ದ ಯಾವುದೋ ವಾಹನದ ಚಕ್ರದಿಂದ ಸಿಡಿದ ಕಲ್ಲು ಟ್ಯಾಂಕಿಗೆ ಬಡಿದಿರಬೇಕು. ಕುಳಿ ಇಡಿಯಾಗಿ ಎಳ್ಳುಕಾಳಿಗಿಂತ ದೊಡ್ಡದಿರಲಿಲ್ಲ. ಆದರೆ ನಡುವಿನ ಆ ಕಂದು ಬಣ್ಣ ತುಕ್ಕಿನದು, ಮತ್ತು ತುಕ್ಕು ತಾನು ಹುಟ್ಟಿದಷ್ಟೇ ಜಾಗದಲ್ಲಿ ನಿಲ್ಲುವುದಿಲ್ಲ.

ಆ ಬಳೆಗಳೇ ಕಾರ್ಖಾನೆಯ ಬಣ್ಣದ ಪದರಗಳು. ತಗಡಿಗೆ ಮೊದಲು ಫಾಸ್ಫೇಟ್ ಸ್ನಾನವಾಗುತ್ತದೆ. ಅದರಿಂದ ಲೋಹದ ಮೇಲೆ ಅತಿಸಣ್ಣ ಹರಳುಗಳ ಒರಟು ಪದರ ಕೂತು, ಮುಂದಿನ ಬಣ್ಣಕ್ಕೆ ಹಿಡಿತ ಒದಗುತ್ತದೆ. ಬಳಿಕ ಪ್ರೈಮರ್, ಅದರ ಮೇಲೆ ಬಣ್ಣವನ್ನು ಕೊಡುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಬರೆಯುವ ಕಾಗದದ ಒಂದೂವರೆ ಹಾಳೆಯಷ್ಟು ದಪ್ಪ. ಅದರಲ್ಲಿ ನಾವು ಮೆಚ್ಚಿ ಕೊಂಡ ಬಣ್ಣದ ಪಾಲು 15 ಮೈಕ್ರಾನಿನ ಆಸುಪಾಸು ಮಾತ್ರ. ನಾವು ದಿನವೂ ಒರೆಸುವುದು, ಹೊಳಪು ಕೊಡುವುದು, ಗೀರುವುದು ಎಲ್ಲವೂ ಮೇಲಿನ 40 ಮೈಕ್ರಾನಿನ ಕ್ಲಿಯರ್ ಕೋಟನ್ನು. ಅದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಪಾಲಿಶ್ ಡಬ್ಬಿಯತ್ತ ಚಾಚಿದ ಕೈ ತಾನಾಗಿಯೇ ಸ್ವಲ್ಪ ಹಿಂದೆ ಸರಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಆರಂಭದಲ್ಲೇ ಒಪ್ಪಿಕೊಳ್ಳಬೇಕು. ಕಾರ್ಖಾನೆಯಲ್ಲಿ ಲೋಹದ ಭಾಗಗಳ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಅರ್ಧ ಗಂಟೆಯವರೆಗೆ ಕಾಯಿಸುತ್ತಾರೆ. ಆ ಬಿಸಿಗೆ ರಾಳದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮತ್ತೆ ಕರಗದ, ಗಟ್ಟಿಯಾದ ಬಲೆಯಾಗುತ್ತವೆ. ಜೋಡಣೆಯಾದ ಬೈಕನ್ನು ವೈರು, ರಬ್ಬರು, ಪೆಟ್ರೋಲುಗಳ ಸಮೇತ ಅಂಥ ಒಲೆಗೆ ನೂಕಲು ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಕುಂಚ ಹಿಡಿದು ನಾವು ಮಾಡುವ ಕೆಲಸ ಎಷ್ಟೇ ಚೊಕ್ಕವಾಗಿದ್ದರೂ ಮೂಲದ ಬಣ್ಣಕ್ಕೆ ಸಮನಾಗದು. ಟಚ್ ಅಪ್ ಮಾಡುವಾಗ ನಾನು ಬಯಸುವುದು ಗಾಳಿಯೂ ನೀರೂ ಲೋಹವನ್ನು ಮುಟ್ಟಬಾರದು ಎಂಬುದಷ್ಟೇ. ಗಾಯ ಕಣ್ಣಿಗೂ ಕಾಣದಂತಾದರೆ ಅದು ಮೇಲಿನ ಲಾಭ.

ಈ ವಿವೇಕ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಹಿಂದಿನ ಬೈಕಿನ ಟ್ಯಾಂಕಿನ ಮೇಲೆ, ಏಣು ತಿರುಗುವಲ್ಲಿ, ಗೆರೆಯಂಥ ಒಂದು ಗೀರು ಇತ್ತು. ಉಗುರಿಗೆ ತಾಗದಷ್ಟು ಮೇಲುಮೇಲಿನದು. ಬಿಟ್ಟಿದ್ದರೆ ಬೈಕು ಮಾರುವವರೆಗೂ ಹಾಗೆಯೇ ಇರುತ್ತಿತ್ತು. ನಾನು ಒಂದು ಭಾನುವಾರ 1500 ನಂಬರಿನ ವಾಟರ್ ಪೇಪರನ್ನು, ಅಂದರೆ ನೀರು ಹಾಕಿ ತಿಕ್ಕುವ ನುಣುಪಾದ ಉಪ್ಪುಕಾಗದವನ್ನು, ಬೆರಳಿಗೇ ಸುತ್ತಿಕೊಂಡು ತಿಕ್ಕಲು ಕೂತೆ. ಗೀರು ಹೋಯಿತು. ಹೋದ ಖುಷಿಯಲ್ಲಿ ಅಕ್ಕಪಕ್ಕವನ್ನೂ ಸಮ ಮಾಡೋಣವೆಂದು ಇನ್ನೂ ಹತ್ತು ಸಲ ತಿಕ್ಕಿದೆ. ಕಾಗದದಿಂದ ಇಳಿಯುತ್ತಿದ್ದ ಹಾಲುಬಿಳಿಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಇಳಿಯಿತು. ಹಾಲುಬಿಳಿ ಎಂದರೆ ಕ್ಲಿಯರ್ ಕೋಟ್ ಸವೆಯುತ್ತಿದೆ ಎಂದರ್ಥ, ಬಣ್ಣದ ನೀರು ಎಂದರೆ ಅದು ಮುಗಿದು ಬೇಸ್ ಕೋಟ್ ಸವೆಯುತ್ತಿದೆ ಎಂದರ್ಥ. (ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಒಂದೇ ಪದರದ ಬಣ್ಣದಲ್ಲಿ ಮಾತ್ರ ಮೊದಲಿನಿಂದಲೂ ಬಣ್ಣವೇ ಇಳಿಯುತ್ತದೆ, ಅಲ್ಲಿ ಗಾಬರಿಯಾಗಬೇಕಿಲ್ಲ.) ಏಣಿನ ಮೇಲೆ ಬಣ್ಣ ನಿಲ್ಲದೆ ಎರಡೂ ಬದಿಗೆ ಹರಿಯುವುದರಿಂದ ಪದರ ಅಲ್ಲಿ ಮೊದಲೇ ತೆಳು, ಜೊತೆಗೆ ಬೆರಳಿನ ಒತ್ತಡವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ. ಕಾಣದಷ್ಟು ಸಣ್ಣ ಗೀರನ್ನು ತೆಗೆಯಲು ಹೋಗಿ ಎರಡು ಅಂಗುಲ ಉದ್ದದ ಮಬ್ಬು ಪಟ್ಟಿಯನ್ನು ನಾನೇ ಕೈಯಾರೆ ಮಾಡಿದ್ದೆ. ಕೊನೆಗೆ ಟ್ಯಾಂಕನ್ನು ಬಿಚ್ಚಿ ಪೇಂಟರ್ ಕೈಗೆ ಕೊಡಬೇಕಾಯಿತು.

ಅಲ್ಲಿಂದೀಚೆಗೆ ಯಾವ ಕಲೆ ಕಂಡರೂ ಮೊದಲು ಅದರ ಆಳ ಎಷ್ಟೆಂದು ನೋಡುತ್ತೇನೆ. ಗೀರಿನ ಮೇಲೆ ನೀರು ಚಿಮುಕಿಸಿದಾಗ ಅದು ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಗಾಯ ಕ್ಲಿಯರ್ ಕೋಟಿನೊಳಗೇ ಇದೆ. ಕೈಯಿಂದ ಹದವಾಗಿ ಪಾಲಿಶ್ ಮಾಡಿದರೆ ಸಾಕು, ಮಾಡದಿದ್ದರೂ ನಷ್ಟವಿಲ್ಲ. ಉಗುರು ಸಿಕ್ಕಿಕೊಂಡು, ತಳದಲ್ಲಿ ಬೇರೆ ಬಣ್ಣ ಕಂಡರೆ ಪಾಲಿಶ್‌ಗೆ ಅಲ್ಲಿ ಕೆಲಸವಿಲ್ಲ, ಹೊಸ ಬಣ್ಣವನ್ನೇ ತುಂಬಬೇಕು. ಗಾಯದ ಸುತ್ತ ಬಣ್ಣ ಗುಳ್ಳೆಯಂತೆ ಉಬ್ಬಿದ್ದರೆ ತುಕ್ಕು ಆಗಲೇ ಪದರದಡಿ ಹರಿದಿದೆ; ಮೇಲಿನಿಂದ ಎಷ್ಟು ಬಣ್ಣ ಬಳಿದರೂ ಅದು ಕೆಲವೇ ತಿಂಗಳಲ್ಲಿ ಮತ್ತೆ ತಲೆ ಎತ್ತುತ್ತದೆ.

ಬಣ್ಣ ತರುವಾಗ ಹೆಸರು ನಂಬಿ ಹೋಗಬಾರದು, ಕೋಡ್ ನೋಡಬೇಕು. ಸೀಟಿನ ಕೆಳಗಿನ ಚೀಟಿಯಲ್ಲೋ, ಚಾಸಿಯ ಮೇಲೋ ಬಣ್ಣದ ಕೋಡ್ ಇರುತ್ತದೆ. ಒಂದೇ ಕಂಪನಿಯ ‘ನೀಲಿ’ ಎರಡು ವರ್ಷಗಳಲ್ಲಿ ಎರಡು ಬಗೆಯಾಗಿರಬಹುದು. ಕೋಡ್ ಸರಿಯಾಗಿದ್ದರೂ ಬಿಸಿಲಿಗೆ ಮಾಸಿದ ಟ್ಯಾಂಕಿಗೆ ಹೊಸ ಬಣ್ಣ ಎದ್ದು ಕಾಣುವುದುಂಟು. ಕೆಂಪು ಬಣ್ಣಗಳಲ್ಲಿ ಈ ತೊಂದರೆ ಹೆಚ್ಚು. ಸೀಟಿನಡಿ ಮುಚ್ಚಿಕೊಂಡಿರುವ ಟ್ಯಾಂಕಿನ ಹಿಂಬದಿಯನ್ನು ಹೊರಗಿನ ಭಾಗಕ್ಕೆ ಹೋಲಿಸಿ ನೋಡಿದರೆ ನಿಮ್ಮ ಬಣ್ಣ ಎಷ್ಟು ಮಾಸಿದೆಯೆಂದು ಗೊತ್ತಾಗುತ್ತದೆ. ಒಂದು ದಪ್ಪ ಕಾಗದದ ತುಂಡಿನ ಮೇಲೆ ಬಣ್ಣ ಹಚ್ಚಿ, ಅದರ ಮೇಲೆ ಕ್ಲಿಯರ್ ಹಚ್ಚಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಟ್ಯಾಂಕಿನ ಪಕ್ಕ ಹಿಡಿದು ನೋಡುವುದು ವಾಸಿ. ಕ್ಲಿಯರ್ ಬೀಳುವ ಮುನ್ನ ಬೇಸ್ ಕೋಟ್ ಮಂಕಾಗಿ, ತಿಳಿಯಾಗಿ ಕಾಣುತ್ತದೆ. ಆ ಹಂತದಲ್ಲಿ ನೋಡಿ ‘ಬಣ್ಣ ಹೊಂದಲಿಲ್ಲ’ ಎಂದು ತೀರ್ಮಾನಿಸಿದವರಲ್ಲಿ ನಾನೂ ಒಬ್ಬ.

ಮೆಟಾಲಿಕ್ ಬಣ್ಣದ್ದು ಇನ್ನೊಂದು ರಗಳೆ. ಅದರಲ್ಲಿರುವುದು ಅಲ್ಯೂಮಿನಿಯಂನ ಅತಿಸಣ್ಣ ಚಕ್ಕೆಗಳು. ಗನ್ನಿನಿಂದ ಸಿಂಪಡಿಸಿದಾಗ ಅವು ಮೇಲ್ಮೈಗೆ ಸಮಾನಾಂತರವಾಗಿ ಮಲಗಿ ಒಂದೇ ತೆರನಾಗಿ ಬೆಳಕನ್ನು ಹಿಂದಿರುಗಿಸುತ್ತವೆ. ಕುಂಚದ ತುದಿಯಿಂದ ಇಟ್ಟ ಹನಿಯಲ್ಲಿ ಅವು ಮನಸ್ಸಿಗೆ ಬಂದಂತೆ ನಿಲ್ಲುತ್ತವೆ. ಹಾಗಾಗಿ ಒಂದು ಕೋನದಿಂದ ಹೊಂದಿದಂತೆ ಕಾಣುವ ಚುಕ್ಕೆ ಇನ್ನೊಂದು ಕೋನದಿಂದ ಕಪ್ಪಾಗಿ ಕಾಣುತ್ತದೆ. ಮೈಕಾ ಹರಳುಗಳಿರುವ ಪರ್ಲ್ ಬಣ್ಣದಲ್ಲೂ ಇದೇ ಕಥೆ. ಬೆಳ್ಳಿ ಅಥವಾ ಹೊಂಬಣ್ಣದ ತಳದ ಮೇಲೆ ಪಾರದರ್ಶಕ ಬಣ್ಣವನ್ನು ಹಾಯಿಸುವ ಕ್ಯಾಂಡಿ ಪೇಂಟ್ ಇದ್ದರಂತೂ ಒಂದು ಹನಿ ಹೆಚ್ಚಾದರೂ ಅಲ್ಲಿ ಬಣ್ಣ ಗಾಢವಾಗುತ್ತದೆ. ಸಾದಾ ಕಪ್ಪು ಅಥವಾ ಬಿಳಿ ಬೈಕಿನವರು ಈ ವಿಷಯದಲ್ಲಿ ಪುಣ್ಯವಂತರು.

ನನ್ನ ನೀಲಿ ಟ್ಯಾಂಕಿನ ಕೆಲಸಕ್ಕೆ ಬರುತ್ತೇನೆ. ಇಡೀ ಟ್ಯಾಂಕನ್ನು ಶಾಂಪೂ ನೀರಿನಿಂದ ತೊಳೆದು ಒಣಗಿಸಿ, ಗಾಯದ ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಹಳೆಯ ವ್ಯಾಕ್ಸ್, ಬೆರಳಿನ ಜಿಡ್ಡು, ಸಿಲಿಕೋನ್ ಪಾಲಿಶಿನ ಶೇಷ ಇವುಗಳಲ್ಲಿ ಯಾವುದು ಉಳಿದರೂ ಹೊಸ ಬಣ್ಣ ಹಿಡಿಯದೆ ನಡುವೆ ಕುಳಿಬಿದ್ದು ಮೀನಿನ ಕಣ್ಣಿನಂತಾಗುತ್ತದೆ. ಆಮೇಲೆ ತುಕ್ಕು. ಸೂಜಿಯ ತುದಿಯಿಂದ, ಭೂತಗನ್ನಡಿಯ ಕೆಳಗೆ, ಕಂದು ಹೋಗಿ ಬೆಳ್ಳಿಯಂಥ ಲೋಹ ಕಾಣುವವರೆಗೆ ಕೆರೆದೆ. ಕುಳಿಯ ಅಂಚಿನಲ್ಲಿ ಸಡಿಲವಾಗಿ ನಿಂತಿದ್ದ ಬಣ್ಣದ ಚಕ್ಕೆಯನ್ನೂ ಎಬ್ಬಿಸಿ ತೆಗೆದೆ. ಬಿಟ್ಟರೆ ಅದರಡಿಯಲ್ಲೇ ತೇವ ನಿಲ್ಲುತ್ತದೆ. ಕೆರೆಯಲಾಗದಷ್ಟು ಆಳದ ತುಕ್ಕಿದ್ದರೆ ಟ್ಯಾನಿಕ್ ಅಥವಾ ಫಾಸ್ಫೊರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ಉಳಿದ ತುಕ್ಕನ್ನು ಕಪ್ಪಾದ, ಮುಂದೆ ಹರಡದ ಪದರವಾಗಿ ಬದಲಿಸುತ್ತದೆ. ನನ್ನ ಗಾಯಕ್ಕೆ ಅದು ಬೇಕಾಗಲಿಲ್ಲ.

ಟಚ್ ಅಪ್ ಬಾಟಲಿಯ ಮುಚ್ಚಳಕ್ಕೆ ಅಂಟಿಕೊಂಡು ಬರುವ ಕುಂಚವನ್ನು ನಾನು ಬಳಸುವುದಿಲ್ಲ. ಉಗುರುಬಣ್ಣದ ಕುಂಚದಂಥ ಆ ಸಾಧನ ಎಳ್ಳುಕಾಳಿನಷ್ಟು ಗಾಯಕ್ಕೆ ಕಡಲೆಕಾಳಿನಷ್ಟು ಬಣ್ಣ ಮೆತ್ತುತ್ತದೆ. ಚೂಪಾದ ಹಲ್ಲುಕಡ್ಡಿ ಅಥವಾ ಚಿತ್ರ ಬರೆಯುವವರ ಅತಿಸಣ್ಣ ಕುಂಚ ಸಾಕು. ಮೊದಲು ಲೋಹದ ಮೇಲಷ್ಟೇ ಪ್ರೈಮರಿನ ಒಂದು ಚುಕ್ಕೆ ಇಟ್ಟು ಒಣಗಲು ಬಿಟ್ಟೆ. ಬಣ್ಣದ ಬಾಟಲಿಯನ್ನು ಒಳಗಿನ ಗುಂಡು ಸದ್ದುಮಾಡಲು ಶುರುವಾದ ಮೇಲೂ ಎರಡು ನಿಮಿಷ ಅಲುಗಾಡಿಸಬೇಕು. ಅಲ್ಯೂಮಿನಿಯಂ ತಳದಲ್ಲಿ ಕೂತಿದ್ದರೆ ನಾವು ಹಚ್ಚುವುದು ಬೇರೆಯೇ ಬಣ್ಣವಾಗಿರುತ್ತದೆ. ಕಡ್ಡಿಯ ತುದಿಯಲ್ಲಿ ಹನಿ ನಿಲ್ಲದಂತೆ ಬಾಟಲಿಯ ಬಾಯಿಗೆ ಸವರಿ, ಕುಳಿಯ ನಡುವೆ ಮುಟ್ಟಿಸಿ ಕೈ ತೆಗೆದೆ. ಬಣ್ಣ ತಾನಾಗಿಯೇ ಅಂಚಿನವರೆಗೆ ಹರಡಿಕೊಂಡಿತು. ಒಣಗುವಾಗ ಥಿನ್ನರ್ ಆರಿಹೋಗಿ ಬಣ್ಣ ಕುಗ್ಗುವುದರಿಂದ ಒಂದು ಗಂಟೆಯ ನಂತರ ಅಲ್ಲಿ ಮತ್ತೆ ಕುಳಿಯೇ ಕಂಡಿತು. ಇಲ್ಲಿ ತಾಳ್ಮೆಗೆಟ್ಟು ದಪ್ಪ ಹನಿ ಹಾಕಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಾನು ಎರಡು ದಿನಗಳಲ್ಲಿ ನಾಲ್ಕು ತೆಳು ಸುತ್ತು ಬಣ್ಣ ಹಾಕಿ, ಕುಳಿಯಲ್ಲಿ ಕ್ಲಿಯರ್‌ಗೆ ಸ್ವಲ್ಪ ಆಳ ಉಳಿದಿರುವಾಗಲೇ ನಿಲ್ಲಿಸಿದೆ. ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೂರಬಾರದು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ.

ಕ್ಲಿಯರ್ ಕೋಟಿನ ಆಯ್ಕೆಯಲ್ಲಿ ಟ್ಯಾಂಕಿಗೂ ಮಡ್‌ಗಾರ್ಡಿಗೂ ವ್ಯತ್ಯಾಸವಿದೆ. ಥಿನ್ನರ್ ಆರಿದರಷ್ಟೇ ಒಣಗುವ ಸಾದಾ ಲ್ಯಾಕರ್ ಮಡ್‌ಗಾರ್ಡಿಗೆ ನಡೆಯುತ್ತದೆ. ಟ್ಯಾಂಕಿನ ಮುಚ್ಚಳದ ಬಳಿ ನಡೆಯುವುದಿಲ್ಲ, ಏಕೆಂದರೆ ಚೆಲ್ಲಿದ ಪೆಟ್ರೋಲು ಅದನ್ನು ಮೆತ್ತಗೆ ಮಾಡಿ ಸುಕ್ಕುಗಟ್ಟಿಸುತ್ತದೆ. ಅಲ್ಲಿಗೆ ಹಾರ್ಡನರ್ ಬೆರೆಸುವ ಟೂ-ಕೆ ಕ್ಲಿಯರ್ ಬೇಕು. ಅದು ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಪೆಟ್ರೋಲಿಗೆ ಬಗ್ಗುವುದಿಲ್ಲ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಕಡ್ಡಿಯಿಂದ ಒಂದು ಹನಿ ಇಡುವಾಗಲೂ ನಾನು ಕೈಗವಸು ಹಾಕಿ ಬಯಲಿನಲ್ಲಿ ಕೂರುತ್ತೇನೆ. ಸ್ಪ್ರೇ ಮಾಡುವುದಾದರೆ ಆ ಮಂಜು ಶ್ವಾಸಕೋಶಕ್ಕೆ ಹೋಗಿ ಆಸ್ತಮಾ ತರಬಲ್ಲದು. ಬಟ್ಟೆ ಕಟ್ಟಿಕೊಂಡರಾಗಲಿ, ದೂಳಿನ ಮಾಸ್ಕ್ ಹಾಕಿಕೊಂಡರಾಗಲಿ ಅದು ತಡೆಯುವುದಿಲ್ಲ. ಒಂದು ಗೀರಿಗಾಗಿ ಅಷ್ಟು ದೂರ ಹೋಗಬೇಕೇ ಎಂದು ಯೋಚಿಸಿ, ಸ್ಪ್ರೇ ಬೇಕಾದ ಕೆಲಸವನ್ನು ಸರಿಯಾದ ಬೂತ್ ಇರುವ ಪೇಂಟರಿಗೆ ಒಪ್ಪಿಸುವುದೇ ನನ್ನ ಪದ್ಧತಿ. ಟ್ಯಾಂಕ್ ಬೈಕಿನ ಮೇಲಿರುವಾಗ ಹತ್ತಿರ ಬೆಂಕಿಯಾಗಲಿ, ಬೇಗ ಒಣಗಲೆಂದು ಬಿಸಿಗಾಳಿ ಊದುವ ಹೀಟ್ ಗನ್ನಾಗಲಿ ಸಲ್ಲದು ಎಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಕ್ಲಿಯರ್ ಹನಿ ಸುತ್ತಲಿನ ಮಟ್ಟಕ್ಕಿಂತ ಒಂದಿಷ್ಟು ಉಬ್ಬಿ ನಿಲ್ಲಬೇಕು. ಎರಡು ವಾರ ಅದನ್ನು ಮುಟ್ಟಲಿಲ್ಲ. ಬಳಿಕ 2000 ನಂಬರಿನ ವಾಟರ್ ಪೇಪರನ್ನು ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಷ್ಟು ಅಗಲಕ್ಕೆ ಕತ್ತರಿಸಿ, ಅದನ್ನು ಪೆನ್ಸಿಲ್ಲಿಗೇ ಅಂಟಿಸಿ, ಸಾಬೂನು ನೀರಿನಲ್ಲಿ ಅದ್ದಿ, ಉಬ್ಬಿನ ನೆತ್ತಿಯನ್ನು ಮಾತ್ರ ಸವರಿದೆ. ಐದು ಸಲ ಸವರಿ ಒರೆಸಿ ನೋಡುವುದು, ಮತ್ತೆ ಐದು ಸಲ. ಉಬ್ಬು ಪೂರ್ತಿ ಸಮವಾಗುವ ಮೊದಲೇ ನಿಲ್ಲಿಸಿ, ಪಾಲಿಶಿನಿಂದ ಮಬ್ಬನ್ನು ತೆಗೆದೆ. ಟ್ಯಾಂಕಿನ ಸ್ಟಿಕರ್ ಕ್ಲಿಯರ್ ಕೋಟಿನ ಮೇಲಿದೆಯೋ ಒಳಗಿದೆಯೋ ಎಂಬುದನ್ನು ಈ ಹಂತಕ್ಕೆ ಮುನ್ನವೇ ಬೆರಳಾಡಿಸಿ ತಿಳಿದಿರಬೇಕು. ಮೇಲಿದ್ದರೆ ಪೇಪರ್ ಅದರ ಅಂಚನ್ನು ಎರಡೇ ಸಲಕ್ಕೆ ತಿಂದುಹಾಕುತ್ತದೆ.

ಮ್ಯಾಟ್ ಬಣ್ಣದ ಬೈಕಿಗೆ ಈ ಕೊನೆಯ ಹಂತ ಇಲ್ಲವೇ ಇಲ್ಲ. ಅಲ್ಲಿ ಕ್ಲಿಯರ್ ಕೋಟಿನಲ್ಲಿ ಬೆಳಕನ್ನು ಚದುರಿಸಲೆಂದು ಸಿಲಿಕಾದಂಥ ಕಣಗಳನ್ನು ಬೆರೆಸಿರುತ್ತಾರೆ. ತಿಕ್ಕಿದರೆ ಮೇಲ್ಮೈ ನುಣುಪಾಗಿ ಆ ಜಾಗ ಹೊಳೆಯತೊಡಗುತ್ತದೆ, ಹೊಳಪು ಬಂದ ಮೇಲೆ ಮ್ಯಾಟ್ ಮರಳಿ ಬರುವುದಿಲ್ಲ. ಮೊಣಕಾಲು ಉಜ್ಜುವ ಕಡೆ ಮ್ಯಾಟ್ ಟ್ಯಾಂಕುಗಳು ಹೊಳೆಯುವುದಕ್ಕೂ ಇದೇ ಕಾರಣ. ಪ್ಲಾಸ್ಟಿಕ್ ಭಾಗಗಳಿಗೆ ತುಕ್ಕಿನ ಭಯವಿಲ್ಲ. ಆದ್ದರಿಂದ ಅವುಗಳ ಮೇಲಿನ ಸಣ್ಣ ಚಕ್ಕೆಗಳನ್ನು ನಾನು ಹಾಗೆಯೇ ಬಿಡುತ್ತೇನೆ. ಹಚ್ಚಲೇಬೇಕೆಂದಿದ್ದರೆ ಪಾಲಿಪ್ರೊಪಿಲೀನ್ ಭಾಗಗಳಿಗೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕು, ಇಲ್ಲವಾದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಇಷ್ಟೆಲ್ಲ ಪಾಡು ಪಡುವ ಬದಲು ಇರುವ ಬಣ್ಣವನ್ನು ಕಾಯುವುದು ಸುಲಭ, ಆದರೆ ನಾವು ಬಣ್ಣವನ್ನು ಹಾಳುಮಾಡುವುದು ಕಾಳಜಿಯ ಹೆಸರಿನಲ್ಲೇ. ಬೆಳಿಗ್ಗೆ ಹೊರಡುವ ಮುನ್ನ ಒಣ ಬಟ್ಟೆಯಿಂದ ಟ್ಯಾಂಕನ್ನು ಫಟಫಟನೆ ಒರೆಸುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ದೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟಿಗಿಂತ ಗಟ್ಟಿ. ಒಣ ಬಟ್ಟೆ ಅದನ್ನು ಹಿಡಿದು ಉಜ್ಜುತ್ತದೆ; ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಸುತ್ತುಗೆರೆಗಳು ಹುಟ್ಟುವುದು ಹೀಗೆ. ದೂಳಿದ್ದರೆ ನೀರು ಸುರಿದು ಇಳಿಸಬೇಕು, ನೀರಿಲ್ಲದಿದ್ದರೆ ದೂಳಿನೊಂದಿಗೇ ಹೊರಡಬೇಕು. ದೂಳು ಹಿಡಿದ ಬೈಕಿಗೆ ಹೊದಿಕೆ ಹಾಕಿದರೂ ಅದೇ ಫಲ: ಗಾಳಿಗೆ ಬಟ್ಟೆ ಅಲುಗಿದಷ್ಟೂ ಉಪ್ಪುಕಾಗದ ಹಾಕಿ ತಿಕ್ಕಿದಂತಾಗುತ್ತದೆ. ಟ್ಯಾಂಕ್ ಬ್ಯಾಗಿನ ಅಡಿಯಲ್ಲಿ ಸೇರುವ ಮಣ್ಣು, ಜಾಕೆಟ್ಟಿನ ಜಿಪ್, ಬೆಲ್ಟಿನ ಬಕಲ್, ಬೀಗದ ಕೈಗೆ ಕಟ್ಟಿದ ಲೋಹದ ಬಳೆ ಇವೆಲ್ಲ ಒಂದೊಂದು ಉಳಿ.

ತೊಳೆಯುವಾಗ ಎರಡು ಬಕೆಟ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಟ್ಯಾಂಕು ಮೊದಲು, ಚೈನಿನ ಬದಿ ಕೊನೆಗೆ. ಚೈನಿನ ಜಿಡ್ಡು ಹಿಡಿದ ಬಟ್ಟೆ ಮತ್ತೆ ಟ್ಯಾಂಕಿಗೆ ಏರಕೂಡದು. ಇಂಜಿನ್ನೂ ಟ್ಯಾಂಕೂ ಬಿಸಿಯಾಗಿರುವಾಗ ತೊಳೆದರೆ ನೀರು ಬೇಗ ಆರಿ, ಅದರಲ್ಲಿನ ಸುಣ್ಣದಂಶ ಬಿಳಿ ಕಲೆಯಾಗಿ ಕೂರುತ್ತದೆ. ಹಕ್ಕಿಯ ಹಿಕ್ಕೆಯನ್ನು ಮಾತ್ರ ತೊಳೆಯುವ ದಿನದವರೆಗೆ ಬಿಡಬಾರದು. ಅದು ಆಮ್ಲೀಯ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗಿ, ಸಂಜೆ ತಣ್ಣಗಾದಾಗ ಒಣಗಿದ ಹಿಕ್ಕೆಯ ಸುತ್ತ ಬಿಗಿದುಕೊಂಡು ಅದರ ಅಚ್ಚನ್ನೇ ಉಳಿಸಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಾಸಿ ನೆನೆಸಿ ಎತ್ತಬೇಕು, ಉಜ್ಜಬಾರದು. ಎಲ್ಲಕ್ಕಿಂತ ಬೇಗ ಬಣ್ಣ ತಿನ್ನುವುದು ಬ್ರೇಕ್ ಆಯಿಲ್. ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯವು, ಬಿದ್ದ ಕಡೆ ಬಣ್ಣವನ್ನು ಉಬ್ಬಿಸಿ ಎಬ್ಬಿಸುತ್ತವೆ. ಆದರೆ ಅವು ನೀರಿನಲ್ಲಿ ಕರಗುವುದರಿಂದ, ಬಿದ್ದ ತಕ್ಷಣ ಧಾರಾಳವಾಗಿ ನೀರು ಸುರಿದರೆ ಬಣ್ಣ ಉಳಿಯುತ್ತದೆ. ಬ್ರೇಕ್ ಆಯಿಲ್ ಬದಲಿಸುವಾಗ ನಾನು ಟ್ಯಾಂಕಿನ ಮೇಲೆ ಒದ್ದೆ ಟವೆಲ್ ಹಾಸಿ, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಂಡೇ ಮುಚ್ಚಳ ಬಿಚ್ಚುವುದು.

ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್‌ಗಳ ಬಗ್ಗೆ ನನಗೆ ಮಹಾ ಮೋಹವಿಲ್ಲ. ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಒಂದೆರಡು ತಿಂಗಳು ನೀರನ್ನು ಮುತ್ತಿನಂತೆ ಉರುಳಿಸುತ್ತದೆ. ಕೃತಕ ಸೀಲೆಂಟ್ ಅದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಸೆರಾಮಿಕ್ ಇನ್ನೂ ಗಟ್ಟಿ, ಆದರೆ ಅದೂ ಕೆಲವೇ ಮೈಕ್ರಾನಿನ ಪದರ. ಸಿಡಿದು ಬಂದ ಕಲ್ಲಿಗೆ ಅದು ಲೆಕ್ಕಕ್ಕಿಲ್ಲ. ಕಲ್ಲೇಟನ್ನು ನಿಜವಾಗಿ ತಡೆಯುವುದು ಪಾಲಿಯುರೆಥೇನಿನ ಪಾರದರ್ಶಕ ಫಿಲ್ಮ್. ಅದರ ದಪ್ಪ ಸುಮಾರು 150ರಿಂದ 200 ಮೈಕ್ರಾನ್, ಅಂದರೆ ಕಾರ್ಖಾನೆಯ ಎಲ್ಲ ಪದರಗಳಿಗಿಂತ ಹೆಚ್ಚು. ಇಡೀ ಬೈಕಿಗೆ ಸುತ್ತಬೇಕಾಗಿಲ್ಲ, ಟ್ಯಾಂಕಿನ ಮುಂಬದಿಗೂ ಮೊಣಕಾಲಿನ ಜಾಗಕ್ಕೂ ಸಾಕು. ಟಚ್ ಅಪ್ ಮಾಡಿದ ಜಾಗಕ್ಕೆ ಮಾತ್ರ ವ್ಯಾಕ್ಸನ್ನಾಗಲಿ ಫಿಲ್ಮನ್ನಾಗಲಿ ಬೇಗ ಹಾಕಬಾರದು. ಥಿನ್ನರ್ ಪೂರ್ತಿ ಹೊರಹೋಗಲು ಒಂದು ತಿಂಗಳಾದರೂ ಬಿಡಬೇಕು.

ನನ್ನ ನೀಲಿ ಚುಕ್ಕೆಗೆ ಆ ಒಂದು ತಿಂಗಳು ತುಂಬಲು ಇನ್ನೂ ಒಂಬತ್ತು ದಿನಗಳಿವೆ. ಎದುರು ನಿಂತರೆ ಅದು ಕಾಣುವುದಿಲ್ಲ; ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ, ಎಲ್ಲಿದೆಯೆಂದು ಗೊತ್ತಿರುವ ನನಗೆ, ಸುತ್ತಲಿಗಿಂತ ಒಂದು ಛಾಯೆ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಸುತ್ತು ತಿಕ್ಕಿದರೆ ಸರಿಹೋದೀತೇನೋ ಎಂದು ಎರಡು ಸಲ ಅನ್ನಿಸಿತ್ತು. ವಾಟರ್ ಪೇಪರನ್ನು ಅಟ್ಟದ ಮೇಲಿನ ಪೆಟ್ಟಿಗೆಗೆ ಹಾಕಿಟ್ಟಿದ್ದೇನೆ. ಉಳಿದ ಬಣ್ಣದ ಬಾಟಲಿಯ ಬಾಯಿಯನ್ನು ಥಿನ್ನರಿನಿಂದ ಒರೆಸಿ, ಬಿಗಿಯಾಗಿ ಮುಚ್ಚಿ, ಕೋಡನ್ನೂ ತೆರೆದ ದಿನಾಂಕವನ್ನೂ ಬರೆದ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದೇನೆ.